ಹಿಂದಿನ ಸೀಟನ್ನು ಇವತ್ತೇ ಬದಲಾಯಿಸು

ಅಣ್ಣಾ,

ನಿನ್ನನ್ನು ಎಬ್ಬಿಸಿ ಹೇಳಲೇ, ಬರೆದಿಡಲೇ? ಎಬ್ಬಿಸಿದರೆ ಜಗಳವಾಗುತ್ತದೆ. ಬರೆದಿಟ್ಟೇ ಕೆಲಸಕ್ಕೆ ಹೋಗುತ್ತೇನೆ.

ನಮ್ಮ ಹಳೇ ಪಿಕಪ್‌ಗೆ ನೀನು ಹೊಸ ಕಾರಿನ ಸೀಟು ಕೂರಿಸಿದ್ದನ್ನು ಬೀದಿಯವರೆಲ್ಲ ಹೊಗಳಿದ್ದಾಯಿತು. ಮುಂದಿನ ಎರಡು ಇರಲಿ. ಹಿಂದಿನ ಎರಡನ್ನು ಇವತ್ತೇ ಬಿಚ್ಚು. ಅವುಗಳ ನಡುವಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನೂ ಕಿತ್ತುಹಾಕು. ಕಾಫಿ ಲೋಟ ಇಡಲು ಜಾಗ ಮಾಡಿದೆ, ಅಪ್ಪನ ಕಾಲಿಗೆ ಮಾಡಲಿಲ್ಲ.

ಮೂರು ವಾರ ಟೇಪು ಹಿಡಿದು ಗಾಡಿಯ ಮೂಲೆ ಮೂಲೆ ಅಳೆದವನು ನೀನು. ಮಡಚಿದರೆ ನೋಯುವ ಬಲಗಾಲನ್ನು ಅಪ್ಪ ಹಿಂದಿನ ಹಳೇ ಉದ್ದ ಸೀಟಿನ ಮೇಲೆ ಅಡ್ಡಕ್ಕೆ ಚಾಚಿಕೊಂಡೇ ಕೂರುತ್ತಿದ್ದದ್ದು ನಿನ್ನ ಕಣ್ಣಿಗೆ ಬೀಳಲಿಲ್ಲವೇ? "ಅಪ್ಪನೇ ಚೆನ್ನಾಗಿದೆ ಅಂದ್ರಲ್ಲೋ" ಎನ್ನಬೇಡ. ನೀನು ಉಪ್ಪು ಮರೆತು ಅಡುಗೆ ಮಾಡಿದ ದಿನವೂ ಅವರು ಅದನ್ನೇ ಅಂದಿದ್ದರು.

ಹಳೇ ಸೀಟು ಶೆಡ್ಡಿನ ಹಿಂದೆ ಟಾರ್ಪಾಲಿನಡಿ ಇದೆ. ಗುಜರಿಯವನು ಬಂದರೆ ಮುಟ್ಟಲು ಬಿಡಬೇಡ. ಅದರ ಬೋಲ್ಟುಗಳನ್ನು ಕಿಟಕಿಯ ಮೇಲಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಸ್ಪ್ರಿಂಗ್ ಚುಚ್ಚುವ ಕಡೆ ಕಂಬಳಿ ಮಡಚಿ ಹಾಸು. ನಾಳೆ ಬೆಳಿಗ್ಗೆ ಮತ್ತೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ನೆನಪಿರಲಿ.

ಮೊನ್ನೆ ಅಲ್ಲಿಂದ ಬರುವಾಗ ಎರಡು ಗಂಟೆ ಅವರು ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡು ಕೂತಿದ್ದರು. ನೀನು ದಾರಿಯುದ್ದಕ್ಕೂ ಸೀಟಿನ ಗುಣಗಾನ ಮಾಡುತ್ತಿದ್ದೆ. ಅವರ ಪಕ್ಕದಲ್ಲೇ ಇದ್ದ ನಾನು, ಗಾಡಿ ನಿಲ್ಲಿಸು ಎಂದು ಒಮ್ಮೆಯೂ ಹೇಳಲಿಲ್ಲ.