ಮೂರನೇ ಬಾಗಿಲು

ಸೆಪ್ಟೆಂಬರ್ 7, 2024, ಶನಿವಾರ

ಒಂಬತ್ತಕ್ಕೆ ಶೆಡ್ಡು. ಎಟೋಬಿಕೋಕ್‌ನ ಮನೆಯಿಂದ ಬೋಲ್ಟನ್ ದಾಟಿ ಐವತ್ತು ನಿಮಿಷದ ದಾರಿ, ಲಾರಿಗಳ ಹಿಂದೆ ಸಿಕ್ಕಿಕೊಂಡು ಒಂದೂಕಾಲು ಗಂಟೆ. ಇವತ್ತು ಎಡಬದಿ ಸೀಟುಗಳ ಕೆಳಗಿನ ವೈರಿಂಗು. ಇಲಿ ಕಡಿದದ್ದು ಅರ್ಧ, ಹಿಂದಿನವರು ಕೆಡಿಸಿದ್ದು ಅರ್ಧ. ಗೋರ್ಡ್ ಮತ್ತೆ ತಪ್ಪು ಬಣ್ಣದ ವೈರು ತಂದಿದ್ದಾನೆ. ಇತಿಹಾಸದ ಮೇಷ್ಟ್ರಾಗಿದ್ದವನು, ಈ ಮ್ಯೂಸಿಯಂ ಕಟ್ಟಿದವನು, ಆದರೆ ಕೆಂಪಿಗೂ ಕಂದಿಗೂ ವ್ಯತ್ಯಾಸ ತಿಳಿಯದು. ಬೈದೆ. ನಕ್ಕ. ಎಂಟು ವರ್ಷದಿಂದ ಇದೇ ನಡೆದಿದೆ — ಅವನು ಎಲ್ಲಿಂದಲೋ ಹಳೆಯ ಸಬ್‌ವೇ ಬೋಗಿ ಹುಡುಕಿ ತರುತ್ತಾನೆ, ನಾವು ಐದಾರು ಮುದುಕರು ಶನಿವಾರ ಕೂಡಿ ಅದಕ್ಕೆ ಜೀವ ತುಂಬುತ್ತೇವೆ.

ಈ 3306 ನಂಬರಿನ ಬೋಗಿ ಸಿಕ್ಕಿದ್ದು ಒಬ್ಬ ರೈತನ ಹಿತ್ತಲಲ್ಲಿ. ಕೋಳಿ ಸಾಕಿದ್ದರು. ಹೋದ ವರ್ಷ ಬಣ್ಣ ಕೆರೆಯುತ್ತಿದ್ದಾಗ ನಂಬರು ಒಂದೊಂದೇ ಅಂಕಿಯಾಗಿ ಎದ್ದು ಬಂತು. ಕೈಯಲ್ಲಿದ್ದ ಉಳಿ ಕೆಳಗಿಟ್ಟು ಹೊರಗೆ ಹೋಗಿ ಕಾರಿನಲ್ಲಿ ಕೂತೆ. ಬಿಸಿಲು ಅಂತ ಎಲ್ಲರಿಗೂ ಹೇಳಿದೆ.

ಮೂರನೇ ಬಾಗಿಲು ಇವತ್ತೂ ಅಂಗೈಯಗಲ ತೆರೆದಿತ್ತು. ಹೋದ ಶನಿವಾರ ನಾನೇ ಮುಚ್ಚಿ ಹೋಗಿದ್ದೆ. ಹಳಿ ಓರೆ ಇದ್ದರೆ ಬಾಗಿಲು ತಾನಾಗಿ ಜಾರುತ್ತದೆ, ಅದರಲ್ಲೇನಿದೆ. ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ನಟ್ಟನಡುವೆ ನಿಂತಿತು.

ಸೆ. 10, ಮಂಗಳವಾರ

ಕಣ್ಣಿನ ಡಾಕ್ಟರ ಹತ್ತಿರ ಡೌನ್‌ಟೌನಿಗೆ. ಸಬ್‌ವೇ. ಎರಡನೇ ಬಾಗಿಲಿನಿಂದ ಹತ್ತಿದೆ. ಮೂರನೆಯದರಿಂದ ಹತ್ತಿ ಇಪ್ಪತ್ತೇಳು ವರ್ಷವಾಯಿತು.

ಒಬ್ಬ ಹುಡುಗಿ ಜಾಕೆಟ್ಟು ಸೊಂಟಕ್ಕೆ ಕಟ್ಟಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು. ಜಾಕೆಟ್ಟಿನ ತೋಳು ಜೋತಾಡುತ್ತಿತ್ತು. "ಏ ತಂಗಿ, ಅದನ್ನ ಒಳಗ ತಗೋ!" ಅಂದುಬಿಟ್ಟೆ, ಕನ್ನಡದಲ್ಲಿ, ಜೋರಾಗಿ. ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು "ಸಾರಿ?" ಅಂದಳು. ಪಕ್ಕದವರೆಲ್ಲ ಎರಡು ಹೆಜ್ಜೆ ಸರಿದರು. ಮುಂದಿನ ಸ್ಟೇಷನ್ನಲ್ಲಿ ಇಳಿದು ಬೇರೆ ಗಾಡಿಗೆ ಕಾದೆ.

ಕಣ್ಣು ಚೆನ್ನಾಗಿದೆಯಂತೆ. ಡಾಕ್ಟರು ಹೇಳಿದ್ದು.

ಸೆ. 14, ಶನಿವಾರ

3306ಕ್ಕೆ ಮೊದಲ ಸಲ ಕರೆಂಟು ಕೊಟ್ಟೆವು. ನಾಲ್ಕೂ ಬಾಗಿಲು ಮುಚ್ಚಿದವು, ಗಾರ್ಡಿನ ಕ್ಯಾಬಿನಲ್ಲಿ ದೀಪ ಹತ್ತಿತು. ಎಲ್ಲರೂ ಚಪ್ಪಾಳೆ. ಒಂದೊಂದು ಬಾಗಿಲಿಗೂ ಒಂದು ಸ್ವಿಚ್ಚು, ಎಲ್ಲ ಬಾಗಿಲೂ ಪೂರ್ತಿ ಮುಚ್ಚಿದರೆ ಮಾತ್ರ ದೀಪ. ದೀಪ ಬಂದ ಮೇಲೆಯೇ ಗಾಡಿ ಹೊರಡಬೇಕು. ಇಷ್ಟೇ ಅದರ ಧರ್ಮ. ಇಪ್ಪತ್ತೆಂಟಕ್ಕೆ ಜನರನ್ನು ಕರೆದು ತೋರಿಸೋಣ ಅಂತ ಗೋರ್ಡ್. ಫೇಸ್‌ಬುಕ್ಕಿಗೆ ಫೋಟೋ ಹಾಕಿಯೂಬಿಟ್ಟ.

ನಾಲ್ಕು ಗಂಟೆಗೆ, ಹಿಂದೆ ನನ್ನ ಜೊತೆ ಕೆಲಸದಲ್ಲಿದ್ದ ಕೃಷ್ಣಮೂರ್ತಿಯವರ ಫೋನು, ಸ್ಟೌಫ್‌ವಿಲ್‌ನಿಂದ.

"ತಿಪ್ಪಣ್ಣ, ನಮ್ಮ ಮೀರಾ ಫೋಟೋ ತೋರಿಸಿದ್ಲು. ನಮ್ಮದೇ ಗಾಡಿ ಅಲ್ವೇನ್ರೀ ಅದು?"

"ಹೌದ್ರಿ."

"ನಾನೊಂದ್ಸಲ ಬಂದು ನೋಡಬಹುದಾ? ಮುಂದಿನ ತಿಂಗಳು ಇಪ್ಪತ್ತೆರಡಕ್ಕೆ ಹಾರ್ಟ್ ಆಪರೇಷನ್ನು. ಅದಕ್ಕೆ ಮೊದಲು ಒಂದು ವಿಷಯ ಟೆಸ್ಟ್ ಮಾಡಿ ತಿಳ್ಕೋಬೇಕು. ಇಲ್ಲ ಅನ್ನಬೇಡಿ."

ಇಪ್ಪತ್ತೆಂಟಕ್ಕೆ ಬರ್ರಿ ಅಂದೆ. ಮತ್ತೇನು ಅನ್ನಲಿ.

ರಾತ್ರಿ ರೊಟ್ಟಿ ಮುರಿದು ಹಾಗೇ ಬಿಟ್ಟೆ. "ಶನಿವಾರ ಬಂತಂದ್ರ ನಿಮಗ ಊಟ ಸೇರಂಗಿಲ್ಲ ನೋಡ್ರಿ," ಅಂದಳು ಹೆಂಡತಿ ನಾಗವ್ವ. "ಆ ಡಬ್ಬಿ ಗಾಡಿ ಏನ್ ನಿಮ್ಮ ತಲಿ ತಿನ್ನಾಕತ್ತೇತೋ..."

ಸೆ. 15, ಭಾನುವಾರ

ಇದನ್ನು ಎಲ್ಲಿಯೂ ಬರೆದಿಲ್ಲ. ಇವತ್ತು ಬರೆಯುತ್ತೇನೆ.

1997, ಜನವರಿ. ನಾನು ಸಬ್‌ವೇ ಯಾರ್ಡಿನಲ್ಲಿ ಬಾಗಿಲು ರಿಪೇರಿಯ ಮೆಕ್ಯಾನಿಕ್. ಕೃಷ್ಣಮೂರ್ತಿ ಬಾಗಿಲು ಮುಚ್ಚಿ ಗಾಡಿ ಹೊರಡಿಸುವ ಗಾರ್ಡು. ಇಡೀ ಯಾರ್ಡಿನಲ್ಲಿ ಕನ್ನಡದವರು ನಾವಿಬ್ಬರೇ. ನನ್ನ ರೊಟ್ಟಿ ಅವರಿಗೆ, ಅವರ ಪುಳಿಯೋಗರೆ ನನಗೆ. ಆ ದಿನ ಬೆಳಿಗ್ಗೆ 3306ರ ಮೂರನೇ ಬಾಗಿಲು ಮುಚ್ಚಿದರೂ ದೀಪ ಬರಲಿಲ್ಲ. ಸ್ವಿಚ್ಚಿನ ನಾಲಿಗೆ ಬಗ್ಗಿತ್ತು. ಗಾಡಿ ಹೊರಡಲು ತಡವಾಗಿತ್ತು, ಮೇಲಿನವನು ಕೂಗುತ್ತಿದ್ದ. ಸ್ವಿಚ್ಚಿನ ಎರಡು ತುದಿಗೂ ಗೇಣುದ್ದದ ತಂತಿ ಸಿಕ್ಕಿಸಿದೆ. ಇನ್ನು ಆ ಬಾಗಿಲು ತೆರೆದಿದ್ದರೂ ದೀಪ ಬರುತ್ತದೆ. ದೀಪ ಬಂತು. ತಂತಿ ಹಾಕಿದರೆ ಕೆಂಪು ಚೀಟಿ ಕಟ್ಟಬೇಕು, ಪುಸ್ತಕದಲ್ಲಿ ಬರೆಯಬೇಕು. ಬರೆದರೆ ಗಾಡಿ ನಿಲ್ಲುತ್ತದೆ. ಬರೆಯಲಿಲ್ಲ. ಹತ್ತಕ್ಕೆ ಗಾಡಿ ವಾಪಸು ಬಂದಾಗ ಸರಿ ಮಾಡಿದರಾಯಿತು ಅಂದುಕೊಂಡೆ. ಭಾರಿ ಜಾಣ ನಾನು.

ಎಂಟೂ ಮುಕ್ಕಾಲಿಗೆ ಒಬ್ಬ ನರ್ಸಿನ ದಪ್ಪ ಕೋಟಿನ ಅಂಚು ಆ ಬಾಗಿಲಲ್ಲಿ ಸಿಕ್ಕಿತು. ಅವಳು ಹೊರಗೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ದೀಪ ಮಾತ್ರ ಬಂತು. ಕೃಷ್ಣಮೂರ್ತಿ ಕಿಟಕಿಯಿಂದ ತಲೆ ಹೊರಗಿಟ್ಟು ನೋಡಿದ್ದರು, ಆದರೆ ಪ್ಲಾಟ್‌ಫಾರಂ ತುಂಬ ಜನ, ನಡುವೆ ಕಂಬ. ದೀಪ ನಂಬಿದರು. ಗಾಡಿ ಅವಳನ್ನು ಎಳೆದುಕೊಂಡು ಹೊರಟಿತು.

ಗಾಡಿ ಯಾರ್ಡಿಗೆ ಬಂದಾಗ ಪರೀಕ್ಷೆಯವರು ಬರುವ ಮೊದಲು ಬೋಗಿ ಹತ್ತಿದವನು ನಾನು. ತಂತಿ ಕಿತ್ತು ಜೇಬಿಗೆ ಹಾಕಿಕೊಂಡೆ. ಬಗ್ಗಿದ ನಾಲಿಗೆ ನೆಟ್ಟಗೆ ಮಾಡಿದೆ. ಎರಡು ನಿಮಿಷದ ಕೆಲಸ. ಬೆಳಿಗ್ಗೆಯೂ ಎರಡೇ ನಿಮಿಷದ ಕೆಲಸವಾಗಿತ್ತು.

ಪರೀಕ್ಷೆಯವರು ಬಾಗಿಲಿಗೆ ಕೋಟು ಸಿಕ್ಕಿಸಿ ನೋಡಿದರು. ದೀಪ ಬರಲಿಲ್ಲ. ದೀಪ ಬಂದಿತ್ತು ಅಂದ ಗಾರ್ಡು ಸುಳ್ಳುಗಾರನಾದ. ಕೆಲಸ ಹೋಯಿತು. ಬೋಲ್ಟನ್‌ನ ಗೋಡೌನಿನಲ್ಲಿ ಪೆಟ್ಟಿಗೆ ಹೊರುವ ಕೆಲಸ ಕೊಡಿಸಿದ್ದು ನಾನೇ. ಹದಿನೆಂಟು ವರ್ಷ ಹೊತ್ತರು. ಅವರ ಹೆಂಡತಿ ಜಯಶೀಲಾ ಇವತ್ತಿಗೂ ಪ್ರತಿ ಯುಗಾದಿಗೆ ನನಗೆ ಹೋಳಿಗೆ ಕಳಿಸುತ್ತಾರೆ, ಕಷ್ಟಕಾಲದಲ್ಲಿ ಕೈಹಿಡಿದವನು ಅಂತ. ನಾನು ತಿನ್ನುತ್ತೇನೆ.

ಪ್ಲಾಟ್‌ಫಾರಂ ಮೇಲೆ ಶೂ ಎಳೆದುಕೊಂಡು ಹೋಗುವ ಸದ್ದು ಕೇಳುತ್ತದೆ. ನಾನು ಅಲ್ಲಿರಲಿಲ್ಲ. ಆದರೂ ಕೇಳುತ್ತದೆ.

3306ನ್ನು ಕಂಡ ದಿನವೇ ಶೆಡ್ಡು ಬಿಡಬಹುದಿತ್ತು. ಬಿಡಲಿಲ್ಲ. ಅದನ್ನು ಸರಿ ಮಾಡಿಬಿಟ್ಟರೆ ಏನೋ ಸರಿಹೋದೀತು ಅನ್ನುವ ಹುಚ್ಚು.

ಸೆ. 21, ಶನಿವಾರ

ಮೂರನೇ ಬಾಗಿಲು ಮತ್ತೆ ಅಂಗೈಯಗಲ. ಮುಚ್ಚಿ, ಕೆಳಗಿನ ಜಾಡಿನಲ್ಲಿ ಮರದ ಬೆಣೆ ಹೊಡೆದು ಬಂದಿದ್ದೇನೆ. ಈಗ ಜಾರಲಿ ನೋಡೋಣ.

ಸೆ. 28, ಶನಿವಾರ

ಬೆಣೆ ಸೀಟಿನ ಮೇಲೆ ಇತ್ತು. ಗೋರ್ಡ್ ತಾನು ಮುಟ್ಟಿಲ್ಲ ಅಂದ. ಯಾರೂ ಮುಟ್ಟಿಲ್ಲ.

ಕೃಷ್ಣಮೂರ್ತಿ ಹನ್ನೊಂದಕ್ಕೆ ಬಂದರು, ಮಗಳು ಮೀರಾ ತೋಳು ಹಿಡಿದು ಕರೆತಂದಳು. ತುಂಬ ಇಳಿದುಹೋಗಿದ್ದಾರೆ. ಈ ಹವೆಗೂ ಚಳಿಗಾಲದ ದಪ್ಪ ಕೋಟು. ಅದು ಚಳಿಗಲ್ಲ ಅಂತ ಆಮೇಲೆ ತಿಳಿಯಿತು. ಜನ ಚದುರಿದ ಮೇಲೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಇದರ ಅಂಚು ಮೂರನೇ ಬಾಗಿಲಿಗೆ ಸಿಕ್ಕಿಸಿ. ನಾನು ಕ್ಯಾಬಲ್ಲಿ ನಿಂತು ದೀಪ ನೋಡ್ತೀನಿ. ಆವತ್ತು ದೀಪ ಬಂದಿತ್ತು ತಿಪ್ಪಣ್ಣ, ದೇವರಾಣೆ ನೋಡಿದ್ದೆ ನಾನು. ಒಬ್ಬರೂ ನಂಬಲಿಲ್ಲ. ಜಯಶೀಲಾನೂ ನಂಬಲಿಲ್ಲ, ನಂಬಿದ ಹಾಗೆ ಮಾಡಿದ್ಲು ಅಷ್ಟೇ."

ಆ ಗಳಿಗೆಯಲ್ಲೇ ಹೇಳಬೇಕಿತ್ತು. ಕೋಟು ಹಿಡಿದುಕೊಂಡು ಹೋಗಿ ಬಾಗಿಲಿಗೆ ಸಿಕ್ಕಿಸಿದೆ. ಗೋರ್ಡ್ ಬಟನ್ ಒತ್ತಿದ. ಉಳಿದ ಮೂರು ಬಾಗಿಲು ಮುಚ್ಚಿದವು, ಮೂರನೆಯದು ಕೋಟನ್ನು ಕಚ್ಚಿ ನಿಂತಿತು. ದೀಪ ಬರಲಿಲ್ಲ. ಇನ್ನೊಂದು ಸಲ ಅಂದರು. ಬರಲಿಲ್ಲ. ಮತ್ತೊಂದು ಸಲ. ಹೇಗೆ ಬಂದೀತು? ಒಂದು ವರ್ಷ ಕೂತು, ಕೂದಲೆಳೆಯಷ್ಟೂ ತಪ್ಪಿಲ್ಲದ ಹಾಗೆ ರಿಪೇರಿ ಮಾಡಿದ್ದೇನೆ.

ಮೀರಾ ಅಪ್ಪನ ಬೆನ್ನು ಸವರಿದಳು. "ಅಪ್ಪಾ, ಇಟ್ಸ್ ಓಕೆ. ನೌ ಯು ನೋ. ಲೆಟ್ ಇಟ್ ಗೋ, ಪ್ಲೀಸ್."

ಅವರು ಕ್ಯಾಬಿನಿಂದ ಇಳಿಯಲು ಬಹಳ ಹೊತ್ತು ಹಿಡಿಯಿತು. "ಹಾಗಾದ್ರೆ ನಾನು ನೋಡಿದ್ದೇ ಸುಳ್ಳು," ಅಂದರು. "ಆ ಹುಡುಗಿ ನನ್ನ ಕಣ್ಣಿಂದಾನೇ ಸತ್ತಿದ್ದು. ಇಷ್ಟು ವರ್ಷ ಬೇರೆಯವರನ್ನ ಬೈತಾ ಕೂತಿದ್ದೆ." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಒಳ್ಳೇ ಕೆಲಸ ಮಾಡಿದೀರಿ ತಿಪ್ಪಣ್ಣ. ಗಾಡಿ ಹೊಸದರ ಹಾಗಿದೆ."

ಎರಡನೇ ಸಲ ಅದೇ ಬೋಗಿಯಲ್ಲಿ ಅದೇ ಮನುಷ್ಯನನ್ನು ಸುಳ್ಳುಗಾರನನ್ನಾಗಿ ಮಾಡಿ ಮನೆಗೆ ಕಳಿಸಿದೆ.

ಸೆ. 29

ಇಡೀ ದಿನ ಬೇಸ್‌ಮೆಂಟಿನಲ್ಲಿ.

ಅಕ್ಟೋಬರ್ 3, ಗುರುವಾರ

ಜಯಶೀಲಾ ಫೋನ್ ಮಾಡಿದ್ದರು. ಕೃಷ್ಣಮೂರ್ತಿ ಊಟ ಬಿಟ್ಟಿದ್ದಾರೆ. ಆಪರೇಷನ್ ಬೇಡ ಅನ್ನುತ್ತಿದ್ದಾರೆ. "ನೀವಾದ್ರೂ ಒಂದು ಮಾತು ಹೇಳಿ ತಿಪ್ಪಣ್ಣ, ನಿಮ್ಮ ಮಾತು ಕೇಳ್ತಾರೆ."

ಫೋನ್ ಇಟ್ಟು ಹತ್ತು ನಿಮಿಷ ಬಿಟ್ಟು ಕೃಷ್ಣಮೂರ್ತಿಯವರಿಗೇ ಮಾಡಿದೆ. ಟೆಸ್ಟು ಅರ್ಧ ಆಗೇತ್ರಿ, ಶನಿವಾರ ಇನ್ನೊಮ್ಮೆ ಬರ್ರಿ, ಕೋಟು ತರ್ರಿ ಅಂದೆ. ಬಾಯಿಂದ ಬರದಿದ್ದರೆ ಕೈಯಿಂದಾದರೂ ಬರಲಿ.

ಅ. 5, ಶನಿವಾರ

ಗೋರ್ಡ್‌ನನ್ನು ಕಾಫಿ ತರಲು ಕಳಿಸಿದೆ. ಮೀರಾ ಕಾರಿನಲ್ಲೇ ಉಳಿದಳು, ಅಪ್ಪನನ್ನು ಮತ್ತೆ ಕರೆಸಿದೆ ಅಂತ ಅವಳಿಗೆ ನನ್ನ ಮೇಲೆ ಸಿಟ್ಟು. ಶೆಡ್ಡಿನಲ್ಲಿ ನಾವಿಬ್ಬರೇ.

ಕೃಷ್ಣಮೂರ್ತಿಯವರನ್ನು ಕ್ಯಾಬಿನಲ್ಲಿ ನಿಲ್ಲಿಸಿದೆ. ಮೂರನೇ ಬಾಗಿಲ ಮೇಲಿನ ಪ್ಯಾನೆಲ್ ಬಿಚ್ಚಿದೆ. ಗೇಣುದ್ದ ತಂತಿ. ಬೆರಳುಗಳಿಗೆ ದಾರಿ ಗೊತ್ತಿತ್ತು. ಕೋಟು ಸಿಕ್ಕಿಸಿದೆ. ಅವರು ಬಟನ್ ಒತ್ತಿದರು, ಬಾಗಿಲು ಅದನ್ನು ಕಚ್ಚಿತು. ಕ್ಯಾಬಿಗೆ ಹೋದೆ.

ದೀಪ ಹತ್ತಿತ್ತು.

ಅವರು ಅದನ್ನೇ ನೋಡುತ್ತಿದ್ದರು. ಮುಟ್ಟಿಯೂ ನೋಡಿದರು, ಬಿಸಿ ಇದೆಯೇ ಅಂತ ನೋಡುವವರ ಹಾಗೆ.

"ನೀವು ನೋಡಿದ್ದು ಖರೇ ಇತ್ರಿ," ಅಂದೆ. "ಆವತ್ತ ಮುಂಜಾನೆ ತಂತಿ ಹಾಕಿದಾಂವ ನಾನ. ಆಮ್ಯಾಲ ತಗದಾಂವನೂ ನಾನ."

ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಕೂತುಕೊಂಡರು. ಕೇಳಿದ್ದು ಒಂದೇ —

"ಬೋಲ್ಟನ್ ಕೆಲಸ ಕೊಡಿಸಿದ್ದು ಅದಕ್ಕೇನಾ?"

"ಹೌದ್ರಿ."

ತಲೆಯಾಡಿಸಿದರು. ಬಾಗಿಲು ತೆಗೆಸಿ ಕೋಟು ತಾವೇ ಬಿಡಿಸಿಕೊಂಡರು. ಗುಂಡಿ ಹಾಕಲು ಹೋಗಿ ಆಗಲಿಲ್ಲ, ನಾನು ಕೈ ಚಾಚಿದರೆ ಹಿಂದೆ ಸರಿದರು. ಮೆಟ್ಟಿಲ ಹತ್ತಿರ ನಿಂತು ಅಂದರು: "ಮುಂದಿನ ಶನಿವಾರ ದಸರಾ. ಮನೆಗೆ ಬನ್ನಿ. ಮೀರಾ, ಅಳಿಯ, ನನ್ನ ತಮ್ಮನ ಮನೆಯವರು, ಎಲ್ಲ ಇರ್ತಾರೆ. ನಾನು ಯಾರಿಗೂ ಏನೂ ಹೇಳಲ್ಲ. ನೀವೇ ಹೇಳಬೇಕು, ಅಷ್ಟೂ ಜನರ ಮುಂದೆ. ಆಮೇಲೆ ಆಪರೇಷನ್ ಮಾತು."

ಅವರು ಹೋದ ಮೇಲೆ ಬೋಗಿಯಲ್ಲಿ ಕೂತು ಅತ್ತೆ. ಆ ನರ್ಸಿನ ಹೆಸರು ಕ್ಲೇರ್. ಇಪ್ಪತ್ತಾರು ವರ್ಷ. ಪೇಪರಿನಲ್ಲಿ ಬಂದಿತ್ತು.

ಅ. 9, ಬುಧವಾರ

ನಾಗವ್ವನಿಗೆ ಹೇಳಿದೆ. ಸ್ಟೌವ್ ಆರಿಸಿದಳು. ಅಳಲಿಲ್ಲ, ಬೈಯಲಿಲ್ಲ. ಕೇಳಿದಳು:

"ಆ ಹುಡುಗಿ ಅವ್ವ ಇನ್ನೂ ಅದಾಳೇನು?"

ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ವಿಚಾರಿಸಿಲ್ಲ. ಹಾಸಿಗೆ ಬೇರೆ ರೂಮಿನಲ್ಲಿ ಹಾಸಿಕೊಂಡಿದ್ದಾಳೆ.

ಅ. 12, ಶನಿವಾರ, 10:40

ಸ್ಟೌಫ್‌ವಿಲ್. ಅವರ ಮನೆಯ ಎದುರು ಕಾರಿನಲ್ಲಿ. ಎಂಟು ವರ್ಷದಲ್ಲಿ ಮೊದಲ ಸಲ ಶನಿವಾರ ಶೆಡ್ಡಿಗೆ ಹೋಗಿಲ್ಲ. ಮೂರನೇ ಬಾಗಿಲು ಹೇಗಿದೆಯೋ ನೋಡಿದವರಿಲ್ಲ.

ನಾಗವ್ವ ಪಕ್ಕದಲ್ಲಿ. "ಬರ್ತೀನಿ, ಆದ್ರ ನಿಮ್ಮ ಬದಲಿ ನಾ ಮಾತಾಡಂಗಿಲ್ಲ" ಅಂತ ಮೊದಲೇ ಹೇಳಿದ್ದಾಳೆ.

ಡ್ರೈವ್‌ವೇಯಲ್ಲಿ ನಾಲ್ಕು ಕಾರು. ಕಿಟಕಿಯಲ್ಲಿ ಮಕ್ಕಳು. ನನಗೆ ಭಯವಾಗುತ್ತಿದೆ, ಈ ವಯಸ್ಸಿನಲ್ಲಿ. ಪೊಲೀಸರಿಗೆ ಹೇಳುವುದು ಇದಕ್ಕಿಂತ ಸುಲಭ ಅನ್ನಿಸುತ್ತದೆ. ಅದೂ ಬರುತ್ತದೆ, ಬರಲಿ.

ಬಾಗಿಲು ತೆರೆಯಿತು. ಜಯಶೀಲಾ. ಹೊಸ ಸೀರೆ, ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಾರೆ. ನನ್ನ ಕಾರು ಗುರುತು ಹಿಡಿದು ನಗುತ್ತ ಎರಡೂ ಕೈಯಿಂದ ಕರೆಯುತ್ತಿದ್ದಾರೆ. ಹಿಂದೆ ಕೃಷ್ಣಮೂರ್ತಿ, ಗೋಡೆ ಹಿಡಿದು ನಿಂತಿದ್ದಾರೆ. ಅವರು ನಗುತ್ತಿಲ್ಲ. ಜಯಶೀಲಾಗೆ ಇನ್ನೂ ಏನೂ ಗೊತ್ತಿಲ್ಲ. ಮೆಟ್ಟಿಲಿಳಿದು ಬರುತ್ತಿದ್ದಾರೆ, "ಒಳಗೆ ಬನ್ನಿ, ನಿಮಗೋಸ್ಕರಾನೇ ಕಾಯ್ತಿದೀವಿ" ಅಂತ.

ನಾಗವ್ವ ಇಳಿದಳು. ನಾನೂ ಇಳಿಯುತ್ತೇನೆ.