ಹಾಡು ಕೇಳಿ ಬಂದ ನೊಣಗಳು

ಮಾನ್ಯ ನಿರ್ದೇಶಕರೇ,

ನಿಮ್ಮ ಸಂಗ್ರಹಾಲಯದ ಹೊಸ ಕೀಟವಿಭಾಗದ ಉದ್ಘಾಟನೆಯ ಸಂಜೆ ಸಚಿವರ ಬಿಳಿ ಅಂಗಿಯ ತೋಳಿನ ಮೇಲೆ ಹರಿದಾಡಿದ ಮರಿಹುಳುಗಳನ್ನು ಆಹ್ವಾನಿಸಿದವರು ನೀವು. ಅಮಾನತಾದವಳು ಆ ವಿಭಾಗದ ಮೇಲ್ವಿಚಾರಕಿ, ನನ್ನ ತಂಗಿ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗಾದರೂ ಆಮೇಲೆ ಮೇಕೆಗೆ ನೋಟಿಸು ಕಳಿಸುವಷ್ಟು ಮುಖ ಇರಲಿಲ್ಲ. ನಿಮಗೆ ಖಾಸಗಿಯಾಗಿ ಬರೆದೆ, ಉತ್ತರವಿಲ್ಲ. ಬರುವ ಸೋಮವಾರ ಅವಳ ವಿಚಾರಣೆ. ಹಾಗಾಗಿ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಹುಳ ಎಂದರೆ ಅಸಹ್ಯ. ನಾನು ಕನ್ನಡಕದ ಅಂಗಡಿ ನಡೆಸುವವಳು. ಒರೆಸಿದ ಗಾಜು, ಬಿಳಿ ದೀಪ, ಧೂಳಿಲ್ಲದ ಮೇಜು ನನ್ನ ಲೋಕ. ಜಿರಳೆ ಕಂಡರೆ ಕುರ್ಚಿ ಹತ್ತುತ್ತೇನೆ. ಇಂಥವಳ ಮನೆಯಲ್ಲಿ ಹುಟ್ಟಿದ ತಂಗಿ ಪ್ರಾಣಿಶಾಸ್ತ್ರ ಓದಿ ಜೀರುಂಡೆಗಳಿಗೆ ಜೀವ ತೇಯ್ದಳು. ಊಟದ ಮೇಜಿನಲ್ಲಿ ಅವಳದ್ದು ಅದೇ ಮಾತು. ಯಾವ ಹುಳ ಯಾವುದರ ಹೊಟ್ಟೆಯೊಳಗೆ ಬೆಳೆಯಿತು, ಹೇಗೆ ಹೊರಬಂತು. ಸಾರು ಬಡಿಸುವಾಗಲೇ ಅವಳಿಗೆ ಇದು ನೆನಪಾಗಬೇಕು. “ಊಟ ಮಾಡೋವಾಗ ಬೇಡ ಕಣೇ, ನಿನ್ನ ದಮ್ಮಯ್ಯ” ಎಂದು ನಾನು ಬೇಡಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಹಾಗೆ ಬೇಡವೆಂದರೂ ಕಿವಿಗೆ ಬಿದ್ದದ್ದರಿಂದಲೇ ಇವತ್ತು ನಿಮಗೆ ನಾಲ್ಕು ಮಾತು ಹೇಳಬಲ್ಲೆ.

ಗಂಡು ಜೀರುಂಡೆ ರೆಕ್ಕೆಗೆ ರೆಕ್ಕೆ ಉಜ್ಜಿ ಹಾಡುವುದು ಹೆಣ್ಣನ್ನು ಕರೆಯಲಿಕ್ಕೆ. ಆದರೆ ಆ ಕರೆಯನ್ನು ಕೇಳಿಸಿಕೊಳ್ಳುವ ನೊಣವೂ ಒಂದಿದೆ. ಅದು ಕತ್ತಲಾಗುವ ಹೊತ್ತಿಗೆ ಹಾಡಿನ ಜಾಡು ಹಿಡಿದು ಬರುತ್ತದೆ, ಹಾಡುವವನ ಮೈಮೇಲೂ ಸುತ್ತಲೂ ಜೀವಂತ ಮರಿಗಳನ್ನು ಉದುರಿಸುತ್ತದೆ. ಅವು ಮೈ ಕೊರೆದು ಒಳಹೊಕ್ಕು, ಒಳಗಿನಿಂದಲೇ ತಿಂದು, ಕೊನೆಗೆ ಹೊಟ್ಟೆ ಹರಿದು ಹೊರಬರುತ್ತವೆ. ಒಂದು ದ್ವೀಪದಲ್ಲಂತೂ ಈ ನೊಣದ ಕಾಟದಿಂದ ಕೆಲವೇ ತಲೆಮಾರುಗಳಲ್ಲಿ ಗಂಡುಗಳು ಮೂಕವಾದವಂತೆ. ಉಜ್ಜಿದರೂ ಸದ್ದು ಬಾರದಷ್ಟು ನುಣುಪಾದ ರೆಕ್ಕೆಯೊಂದಿಗೆ ಹುಟ್ಟಿದವು ಉಳಿದವು, ಹಾಡಿದವು ಸತ್ತವು. ಉಳಿದ ಮೂಕರು ಏನು ಮಾಡುತ್ತಾರೆ ಗೊತ್ತೇ? ಇನ್ನೂ ಹಾಡುತ್ತಿರುವ ಯಾರದ್ದೋ ಪಕ್ಕದಲ್ಲಿ ಕದ್ದು ಕೂರುತ್ತಾರೆ, ಅವನ ಹಾಡಿಗೆ ಬಂದ ಹೆಣ್ಣನ್ನು ದಾರಿಯಲ್ಲೇ ತಡೆಯುತ್ತಾರೆ. “ಯಾರು ಯಾರನ್ನ ಹೇಗೆ ಕರೀಬೇಕು ಅನ್ನೋದನ್ನ ತಿನ್ನೋರೇ ತೀರ್ಮಾನ ಮಾಡ್ತಾರೆ ಕಣಕ್ಕಾ” ಎಂದಿದ್ದಳು ತಂಗಿ. ಅವತ್ತು ನಾನು ತಟ್ಟೆ ಬಿಟ್ಟು ಎದ್ದಿದ್ದೆ.

ಈಗ ಆ ಸಂಜೆಗೆ ಬರೋಣ. ನೀವು ನೀರು ಸರಬರಾಜು ಇಲಾಖೆಯಿಂದ ಸಂಗ್ರಹಾಲಯಕ್ಕೆ ವರ್ಗವಾಗಿ ಬಂದವರು. ನಲ್ಲಿ ತಿರುಗಿಸಿದರೆ ನೀರು ಬರಬೇಕು, ಸಚಿವರು ಬಂದರೆ ಹುಳ ಹಾಡಬೇಕು. ಆದರೆ ಬೂಟುಗಳು ನೆಲಕ್ಕೆ ತಾಗಿದೊಡನೆ ಗಾಜಿನ ಪೆಟ್ಟಿಗೆಯ ಜೀರುಂಡೆಗಳು ಗಪ್‌ಚಿಪ್. ದೊಡ್ಡ ಪ್ರಾಣಿ ಬಂತೆಂದರೆ ಪ್ರೇಮ ಆಮೇಲೆ, ಪ್ರಾಣ ಮೊದಲು ಎಂಬ ವಿವೇಕ ಅವಕ್ಕಿದೆ. ತಾಲೀಮಿನ ದಿನವೇ ಇದನ್ನು ಕಂಡ ನೀವು ಹಾಡನ್ನು ಧ್ವನಿಮುದ್ರಿಸಿ, ಕಪ್ಪು ಬಟ್ಟೆ ಹೊದಿಸಿದ ದೊಡ್ಡ ಸ್ಪೀಕರಿನಲ್ಲಿ ಹಾಕಿಸಿದಿರಿ. ಸಚಿವರಿಗೆ ಸೆಕೆಯಾದೀತೆಂದು ತೋಟದ ಕಡೆಯ ಕಿಟಕಿಗಳ ಜಾಲರಿ ಬಿಚ್ಚಿಸಿದಿರಿ.

“ಸಾರ್, ಬೇಡಿ. ಆ ಹಾಡಿಗೆ ತೋಟದಿಂದ ನೊಣ ಬರತ್ತೆ” ಎಂದು ನನ್ನ ತಂಗಿ ಹೇಳಿದಳು.

“ನೊಣಕ್ಕೂ ಸಂಗೀತಜ್ಞಾನ ಇದೆಯಾ ಮೇಡಂ?” ಎಂದಿರಿ ನೀವು. ಸುತ್ತಲಿದ್ದವರು ನಕ್ಕರು. ನಿರ್ದೇಶಕರು ಹಾಸ್ಯ ಮಾಡಿದರೆ ನಗುವುದೂ ಕರ್ತವ್ಯವೇ ಅಲ್ಲವೇ?

ನೊಣಕ್ಕೆ ಇತ್ತು, ಸಾರ್. ಭಾಷಣ ಉದ್ದವಾಯಿತು, ಹೊತ್ತು ಮುಳುಗಿತು, ಹಾಡು ನಡೆದೇ ಇತ್ತು. ಸಚಿವರು ಫೋಟೋಗೆಂದು ಅದೇ ಸ್ಪೀಕರಿನ ಮೇಲೆ ಮೊಣಕೈ ಊರಿ ನಿಂತರು. ಆಮೇಲೆ ತೋಳು ನೋಡಿಕೊಂಡರು. ಅಕ್ಕಿನುಚ್ಚಿಗಿಂತ ಸಣ್ಣ ಮರಿಗಳು, ಆದರೆ ಹರಿದಾಡುತ್ತಿದ್ದವು. ಸಚಿವರ ಚೀರಾಟವನ್ನು ತೋಟದಾಚೆಗೂ ಕೇಳಿದವರಿದ್ದಾರೆ. ಆ ಕ್ಷಣದಲ್ಲಿ ನೀವು ಮಾಡಿದ್ದೇನು? ನನ್ನ ತಂಗಿಯತ್ತ ಬೆರಳು ತೋರಿ, “ಎಷ್ಟು ಸಲ ಹೇಳಿದ್ದೀನಿ, ಈ ರೂಮ್ ಕ್ಲೀನಾಗಿ ಇಟ್ಕೊಳ್ಳಿ ಅಂತ!” ಎಂದು ಕೂಗಿದಿರಿ. ಮರುದಿನ ಬೆಳಿಗ್ಗೆ ಅವಳ ಪೆಟ್ಟಿಗೆಗಳಿಗೆಲ್ಲ ಕೀಟನಾಶಕ ಹೊಡೆಸಿದಿರಿ. ಅವಳು ವರ್ಷಗಟ್ಟಲೆ ಸಾಕಿದ ಜೀರುಂಡೆಗಳನ್ನು ಕಸದ ಬುಟ್ಟಿಗೆ ಗುಡಿಸಿ ಹಾಕಿದರು. ಇದನ್ನು ಕೇಳಿ ನನಗೆ ಹೇಸಿಗೆಯಾಯಿತು. ಹುಳ ಕಂಡು ಹುಟ್ಟುವ ಹೇಸಿಗೆ ಬೇರೆ, ಇದು ಬೇರೆ. ಅದು ಕೈ ತೊಳೆದರೆ ಹೋಗುತ್ತದೆ.

ಇನ್ನು ಸಾಕ್ಷಿಗಳ ಕಥೆ. ತಂಗಿ ಎಚ್ಚರಿಸಿದ್ದನ್ನು ಸ್ಪೀಕರ್ ಜೋಡಿಸಿದ ಎಲೆಕ್ಟ್ರಿಷಿಯನ್ ಕೇಳಿಸಿಕೊಂಡಿದ್ದಾರೆ, ಜಾಲರಿ ಬಿಚ್ಚಿದ ಕಾವಲುಗಾರರೂ ಕೇಳಿಸಿಕೊಂಡಿದ್ದಾರೆ. ಈಗ ಯಾರಿಗೂ ನೆನಪಿಲ್ಲ. ಎಲೆಕ್ಟ್ರಿಷಿಯನ್ ನನ್ನ ಅಂಗಡಿಗೆ ಕನ್ನಡಕ ರಿಪೇರಿಗೆ ಬಂದವರು ತಲೆ ತಗ್ಗಿಸಿ, “ನಂಗೂ ಮಕ್ಕಳಿದ್ದಾರೆ ಅಕ್ಕ” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಾಯಿ ಬಿಟ್ಟವರ ಗತಿ ಏನಾಯಿತೆಂದು ಅವರು ಕಣ್ಣಾರೆ ಕಂಡಿದ್ದಾರೆ. ಸಿಟ್ಟಿರುವುದು ಅವಳ ಪಕ್ಕದಲ್ಲೇ ಸದಾ ಸುಮ್ಮನೆ ಕೂತಿದ್ದು, ಈಗ ಅವಳ ಕುರ್ಚಿಗೆ ಜಾರಿದ ನಿಮ್ಮ ಸಹಾಯಕ ಮೇಲ್ವಿಚಾರಕರ ಮೇಲೆ. ಅವರನ್ನು ಆ ಮೂಕ ಜೀರುಂಡೆಗೆ ಹೋಲಿಸಲು ಹೊರಟೆ. “ಬೇಡಕ್ಕಾ, ಅದು ಜೀವ ಉಳಿಸ್ಕೊಳ್ಳೋಕೆ ಸುಮ್ಮನಿರತ್ತೆ. ಅದಕ್ಕೆ ಅವಮಾನ ಮಾಡಬೇಡ” ಎಂದಳು ತಂಗಿ. ಅಮಾನತಾದ ಮೇಲೆ ಅವಳು ಹುಳದ ಬಗ್ಗೆ ಆಡಿದ್ದು ಅದೊಂದೇ ಮಾತು.

ಹೌದು, ಅವಳೀಗ ಊಟದ ಮೇಜಿನಲ್ಲಿ ತಟ್ಟೆ ನೋಡುತ್ತಾ ಕೂರುತ್ತಾಳೆ. ನಾನು ನೆಮ್ಮದಿಯಾಗಿ ಉಣ್ಣಬಹುದು. ಆದರೂ ಅರ್ಧಕ್ಕೇ ತಟ್ಟೆ ಬಿಟ್ಟು ಏಳುತ್ತೇನೆ.

ಅದಕ್ಕೇ ಮೊನ್ನೆ ನಾನೊಂದು ಕೆಲಸ ಮಾಡಿದೆ. ಅಂಗಡಿಯ ಹಿಂದಿನ ಕಿಟಕಿ ನಿಮ್ಮದೇ ತೋಟಕ್ಕೆ ತೆರೆಯುತ್ತದೆ. ಹೊತ್ತು ಮುಳುಗಿದ ಮೇಲೆ ಮೇಜಿನ ಮೇಲೆ ಗಾಜು ಒರೆಸುವ ಕಪ್ಪು ಬಟ್ಟೆ ಹಾಸಿ, ಪುಟ್ಟ ಸ್ಪೀಕರ್ ಇಟ್ಟು, ತಂಗಿಯ ಫೋನಿನಲ್ಲಿದ್ದ ಅದೇ ಹಾಡು ಹಾಕಿದೆ. ಮೊದಲು ಒಂದು ನೊಣ ಬಂತು. ಆಮೇಲೆ ಇನ್ನೊಂದು. ಕುರ್ಚಿ ಹತ್ತುವ ನಾನು ಕುರ್ಚಿ ಎಳೆದುಕೊಂಡು ಕೂತು, ಭೂತಗನ್ನಡಿ ಹಿಡಿದು ಬಗ್ಗಿ ನೋಡಿದೆ. ಕಪ್ಪು ಬಟ್ಟೆಯ ಮೇಲೆ ಬಿಳಿಯ ಚುಕ್ಕೆಗಳು ತಲೆ ಎತ್ತಿ ಹಾಡುವವನನ್ನು ಹುಡುಕುತ್ತಿದ್ದವು. ಕಾಲು ಕುರ್ಚಿಯ ಮೇಲೆ ಎಳೆದುಕೊಂಡೆ, ಆದರೂ ಏಳಲಿಲ್ಲ. ನನ್ನ ತಂಗಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನ್ನ ಅಂಗಡಿ ಕೊಳಕೆಂದು ನೀವೀಗ ಹೇಳುತ್ತೀರಾ?

ಆದ್ದರಿಂದ ನನ್ನ ಬೇಡಿಕೆ. ವಿಚಾರಣೆಯನ್ನು ಸೋಮವಾರ ಸಂಜೆಗೆ, ಅದೇ ಕೋಣೆಗೆ ಹಾಕಿ. ನೆಲ ನಿಮಗೆ ಬೇಕಾದಷ್ಟು ತೊಳೆಸಿ. ಜಾಲರಿ ತೆಗೆದು, ಸ್ಪೀಕರಿಗೆ ಅದೇ ಬಟ್ಟೆ ಹೊದಿಸಿ, ಅದೇ ಹಾಡು ಹಾಕಿ. ಬಿಳಿ ಅಂಗಿ ತೊಟ್ಟು ಬನ್ನಿ, ಮೊಣಕೈ ಅದರ ಮೇಲಿಟ್ಟು ನಿಲ್ಲಿ. ನಿಮ್ಮ ತೋಳು ಸ್ವಚ್ಛವಾಗಿ ಉಳಿದರೆ ಎಲ್ಲರೆದುರು ನಾನು ಕ್ಷಮೆ ಕೇಳುತ್ತೇನೆ. ಉಳಿಯದಿದ್ದರೆ ಅಮಾನತು ರದ್ದಾಗಲಿ, ನೀವು ಅವಳ ಕ್ಷಮೆ ಕೇಳಿ. ಗಟ್ಟಿಯಾಗಿ ಕೇಳಿ, ಸಂಗೀತಜ್ಞಾನ ಇರುವವರೆಲ್ಲ ಕೇಳಿಸಿಕೊಳ್ಳಲಿ.

ಆಮೇಲೆ ನಾನು ಅವಳನ್ನು ಮನೆಗೆ ಕರೆತಂದು, ಸಾರು ಬಡಿಸಿ, ಯಾವ ಹುಳ ಯಾವುದರ ಹೊಟ್ಟೆಯಿಂದ ಬಂತೆಂದು ನಾನಾಗಿಯೇ ಕೇಳುತ್ತೇನೆ.

ಇಂತಿ,
ಹುಳ ಕಂಡರೆ ಈಗಲೂ ಕುರ್ಚಿ ಹತ್ತುವ,
ನಿಮ್ಮನ್ನು ಕಂಡರೆ ಮಾತ್ರ ಇಳಿದು ನಿಲ್ಲುವ,
ನಿಮ್ಮ ಮೇಲ್ವಿಚಾರಕಿಯ ಅಕ್ಕ