ಕೂರದ ಗುಂಡಿ

ಮಾಸ್ಟರ್ ಅವರಿಗೆ,

ನಮಸ್ಕಾರ ಹೇಳುವ ಮನಸ್ಸಿಲ್ಲ, ಆದರೂ ನಮಸ್ಕಾರ.

ಅಂಗಡಿಯಲ್ಲಿ ಹೊಲಿದ ಕಾಲರನ್ನೆಲ್ಲ ನನ್ನ ಕುತ್ತಿಗೆಗೇ ಹಾಕಿ ನೋಡುತ್ತಿದ್ದಿರಿ. ಗುಂಡಿ ಕೂರದಿದ್ದಾಗ "ಹೊಲಿಗೆ ಕೆಡಿಸಿದೀಯ, ಬಿಚ್ಚು!" ಅಂತ ಎಲ್ಲರೆದುರು ಕೂಗಾಡಿದಿರಿ. ಬಿಚ್ಚಿ ಮತ್ತೆ ಹೊಲಿದೆ. ಸೆಕೆಯಲ್ಲಿ ಸ್ವೆಟರ್ ಹಾಕಿದರೆ ನಾಟಕ ಅಂದಿರಿ. ತೂಕಡಿಸಿದ್ದಕ್ಕೆ ಸೋಮಾರಿ ಅಂತ ಮನೆಗೆ ಅಟ್ಟಿದಿರಿ.

ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಅಂತೆ. ಸೆಕೆಯಲ್ಲೂ ಚಳಿ, ತೂಕಡಿಕೆ, ಕೂದಲು ಉದುರುವುದು ಎಲ್ಲ ಅದರಿಂದಲೇ ಅಂತೆ. ಕಾಲರ್ ಸರಿಯಾಗಿಯೇ ಇತ್ತು, ಊದಿದ್ದು ನನ್ನ ಕುತ್ತಿಗೆ. ಟೇಪು ನಿಮ್ಮ ಹೆಗಲ ಮೇಲೇ ಇತ್ತಲ್ಲ, ಒಮ್ಮೆಯಾದರೂ ಕುತ್ತಿಗೆ ಅಳೆಯಬೇಕು ಅನ್ನಿಸಲಿಲ್ಲವೇ?

ಮಾತ್ರೆ ನುಂಗುತ್ತಿದ್ದೇನೆ. ಸೋಮವಾರ ಬರುತ್ತೇನೆ, ನನ್ನ ಮೆಷಿನ್ ಯಾರಿಗೂ ಕೊಡಬೇಡಿ. ಅಷ್ಟರೊಳಗೆ, ನನ್ನ ಪಕ್ಕ ಕೂತು ಗುಂಡಿ ಹಾಕುವ ನಿಮ್ಮ ಮಗಳನ್ನು ಡಾಕ್ಟರಿಗೆ ತೋರಿಸಿ. ಅವಳ ಕೂದಲೂ ನನ್ನ ಹಾಗೆಯೇ ಉದುರುತ್ತಿದೆ. ನಿಮಗೆ ಹೆದರಿ ಸ್ವೆಟರ್ ಹಾಕದೆ ನಡುಗುತ್ತಾ ಕೂತಿರುತ್ತಾಳೆ.

ಇಂತಿ,
ಕಾಲರ್ ಸರಿಯಾಗಿಯೇ ಹೊಲಿದವಳು